ಏಳು ಎಣಿಕೆಯ ಮೌನ

ದೊಡ್ಡಬಳ್ಳಾಪುರ
ಶನಿವಾರ, 15 ನವೆಂಬರ್ 2025

ನನ್ನ ಸಿಟ್ಟಿನ ಮುದ್ದು ಸ್ನೇಹಳಿಗೆ,

ನಿನ್ನಜ್ಜಿ ಬನಶಂಕರಿಯ ಪ್ರೀತಿ, ಜೊತೆಗೆ ಒಂದಿಷ್ಟು ಬೈಗುಳ. ಹೇಗಿದ್ದೀಯ ತಾಯಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಇಲ್ಲೇ ಪಕ್ಕದ ವಿಜಯಪುರದಲ್ಲಿ ಬೆಳಗಿನ ಚಳಿ ಜೋರಾಗಿದೆ ಎಂದು ಕೇಳಿದೆ. ನಿನಗೆ ಚಳಿಗಾಲ ಬಂದರೆ ಮೂಗು ಕಟ್ಟುತ್ತದೆ, ಆದರೂ ತಲೆಗೆ ಬಟ್ಟೆ ಕಟ್ಟಿಕೋ ಎಂದರೆ ಕಟ್ಟುವವಳಲ್ಲ. ನಿನ್ನ ಸೋದರಮಾವ ವೇಣುಗೋಪಾಲ ಒಳ್ಳೆಯವನೇ, ಆದರೆ ಅವನ ರೇಷ್ಮೆ ಹುರಿ ಮಾಡುವ ಶೆಡ್ಡಿನಲ್ಲಿ ಕೂತು ದಿನವಿಡೀ ನೂಲು ಸುತ್ತುವ ಬಾಬಿನ್ ಬದಲಾಯಿಸುತ್ತಾ ನೀನು ಒಂದು ಮಾತೂ ಆಡುವುದಿಲ್ಲ ಎಂದು ಅವನೇ ಹೇಳಿದ. ಬಿಕಾಂ ಓದಿದ ಹುಡುಗಿಗೆ ಬಾಬಿನ್ ಬದಲಾಯಿಸುವುದು ಅವಮಾನ ಎಂದು ನಾನು ಹೇಳುವುದಿಲ್ಲ. ಕೆಲಸದಲ್ಲಿ ಅವಮಾನವಿಲ್ಲ. ಆದರೆ ನೀನು ಅಲ್ಲಿ ಕೆಲಸ ಮಾಡಲು ಹೋದದ್ದಲ್ಲ, ಅಡಗಿಕೊಳ್ಳಲು ಹೋದದ್ದು. ಅದು ನನಗೂ ಗೊತ್ತು, ನಿನಗೂ ಗೊತ್ತು.

ಎರಡು ತಿಂಗಳಿಂದ ನಿನ್ನ ಫೋನಿಗೆ ಮಾಡಿ ಮಾಡಿ ಸಾಕಾಯಿತು. ನಾನು ಕಳಿಸಿದ್ದನ್ನು ನೋಡುತ್ತೀಯ, ಎರಡು ನೀಲಿ ಗೆರೆ ಬೀಳುತ್ತವೆ, ಉತ್ತರ ಮಾತ್ರ ಇಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು, ಅಕ್ಷರ ಡೊಂಕಾಗಿದ್ದರೆ ಸಹಿಸಿಕೋ. ಇದನ್ನು ನಿಮ್ಮ ಬ್ಯಾಂಡಿನ ನಂದೀಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಕೊಟ್ಟು ಹೊರಟುಬಿಡುತ್ತೇನೆ ಅನ್ನುತ್ತಾನೆ, ಪಾಪ, ನಿನ್ನ ಮುಖ ನೋಡಲು ಅವನಿಗೂ ಸಂಕೋಚ. ಒಳಗೆ ಕರೆದು ಕಾಫಿ ಕೊಡು. ಅವನು ಗಿಟಾರ್ ಬಾರಿಸಬಲ್ಲ, ಮಾತಾಡಲು ಬಾರದು.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಮ್ಮ ನಿನಗೆಂದು ಕೋಡುಬಳೆ ಮಾಡಿ ಡಬ್ಬಿಯಲ್ಲಿಟ್ಟಿದ್ದಳು, ಅರ್ಧ ನಾನೇ ಮುಗಿಸಿದೆ. ನಿಮ್ಮಪ್ಪ ಸೀನಪ್ಪ ಎಂದಿನಂತೆ ಆರು ಮಗ್ಗಗಳ ಮಧ್ಯೆ ಓಡಾಡುತ್ತಾ ಇದ್ದಾನೆ. ನಿನ್ನ ಹೆಸರೆತ್ತಿದರೆ ಮುಖ ತಿರುಗಿಸುತ್ತಾನೆ. ಕೋಪಕ್ಕಲ್ಲ. "ಸಾಕು ಬಿಡವ್ವ, ಮಗು ಅಷ್ಟು ಜನದ ಮುಂದೆ ಅತ್ತಿದ್ದು ನಂಗೆ ನೋಡೋಕಾಗ್ಲಿಲ್ಲ. ಇನ್ನೊಂದ್ಸಲ ಆ ಸ್ಟೇಜ್ ಹತ್ಸೋದು ಬ್ಯಾಡ" ಅನ್ನುತ್ತಾನೆ. ನಿನ್ನ ಡ್ರಮ್ಮುಗಳ ಮೇಲೆ ಹಳೆಯ ಸೀರೆ ಹೊದಿಸಿ ಇಟ್ಟಿದ್ದಾನೆ. ಹೋದ ವಾರ ಯಲಹಂಕದಿಂದ ಒಬ್ಬ ಹುಡುಗ ಬಂದಿದ್ದ, ನಿನ್ನ ಬದಲಿಗೆ ಬಾರಿಸಲು. ಸೀರೆ ತೆಗೆದು ನಿನ್ನ ಸ್ಟೂಲಿನ ಮೇಲೆ ಕೂರಲು ಹೋದ. "ಏಳಪ್ಪ, ಆ ಜಾಗದೋರು ಊರಿಗೆ ಹೋಗವ್ರೆ, ಬರ್ತಾರೆ" ಎಂದೆ. ಕಾಫಿ ಕೊಟ್ಟೇ ಕಳಿಸಿದೆ, ಬೇಜಾರು ಮಾಡಿಕೊಂಡು ಹೋಗಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಹೊರಡುವ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನನಗೆ ಹೇಳಿದ್ದು ನೆನಪಿದೆಯಾ? "ನಂಗೆ ಲಯಾನೇ ಇಲ್ಲ ಅಜ್ಜಿ. ನಾಕು ವರ್ಷ ಸುಮ್ನೆ ಸುಳ್ಳು ಬಾರಿಸ್ತಿದ್ದೆ." ಅಷ್ಟರಲ್ಲಿ ಬಸ್ಸು ಹೊರಟುಹೋಯಿತು. ಉತ್ತರ ಈಗ ಸಿಕ್ಕಿದೆ, ಅದನ್ನು ಹೇಳುವುದಕ್ಕೇ ಈ ಕಾಗದ.

ನೀವು ಮೂವರೂ ನಮ್ಮ ಮಗ್ಗದ ಮನೆಗೆ ಬಂದದ್ದು ಹೇಗೆ ಎಂಬುದರಿಂದ ಶುರು ಮಾಡಬೇಕು. ನೀನು, ಗಿಟಾರಿನ ನಂದೀಶ, ಹಾಡುವ ಅಂಬರೀಶ. ಅಂಬರೀಶನ ಮನೆಯಲ್ಲಿ ಬಾರಿಸಿದರೆ ಬೀದಿಯವರು ಜಗಳಕ್ಕೆ ಬಂದರು. ನಂದೀಶನ ಮನೆಯವರು ಗಿಟಾರ್ ಕಿತ್ತಿಟ್ಟರು. ಆಗ ನೀನು ನನ್ನ ಹತ್ತಿರ ಬಂದು, "ಅಜ್ಜಿ, ಮಗ್ಗ ಓಡ್ತಿರುವಾಗ ನಾವು ಎಷ್ಟು ಜೋರಾಗಿ ಬಾರ್ಸಿದ್ರೂ ಯಾರಿಗೂ ಗೊತ್ತಾಗಲ್ಲ" ಎಂದೆ. ನಿನ್ನ ಬುದ್ಧಿಗೆ ನಾನು ಬೆರಗಾದೆ. ಮೂಲೆಯ ಹಳೆಯ ಮಗ್ಗದ ಪಕ್ಕ ಜಾಗ ಮಾಡಿಕೊಟ್ಟೆ. ಮಗ್ಗದಲ್ಲಿ ನೂಲು ಎಳೆದುಕೊಂಡು ಅತ್ತಿತ್ತ ಓಡುವ ಲಾಳಿಯ ಹೆಸರನ್ನೇ ಬ್ಯಾಂಡಿಗೆ ಇಟ್ಟಿರಿ. ಮೊದಲ ದಿನ ಅಂಬರೀಶ ಹೊಟ್ಟೆಯೊಳಗಿಂದ ಗೊಗ್ಗರು ದನಿ ತೆಗೆದಾಗ ಹುಡುಗನ ಗಂಟಲಿಗೆ ಏನೋ ಸಿಕ್ಕಿಕೊಂಡಿದೆ ಎಂದು ಬೆನ್ನು ಗುದ್ದಲು ಓಡಿದವಳು ನಾನು. ಈಗ ಅವನಿಗೆ ದಿನಾ ಜ್ಯೇಷ್ಠಮಧು ಅಗಿಯಲು ಕೊಡುತ್ತೇನೆ. ನಿಮ್ಮ ಒಂದು ಹಾಡು ಹನ್ನೊಂದು ನಿಮಿಷ, ಮುಗಿಯುವಷ್ಟರಲ್ಲಿ ಕುಕ್ಕರ್ ಇಳಿಸಿರುತ್ತೇನೆ.

ನೀನೇ ನನಗೆ ಪಾಠ ಹೇಳಿದ್ದು. ಈ ಹೆವಿ ಮೆಟಲ್ ಅನ್ನುವುದನ್ನು ಮೊದಲು ಎಬ್ಬಿಸಿದವರು ಇಂಗ್ಲೆಂಡಿನಲ್ಲಿ ಕಬ್ಬಿಣದ ಕಾರ್ಖಾನೆಗಳಿದ್ದ ಊರಿನ ಹುಡುಗರು, ಹುಟ್ಟಿದಾಗಿನಿಂದ ಯಂತ್ರದ ಸದ್ದು ಕೇಳಿ ಬೆಳೆದವರು ಎಂದೆ. ಅದರಲ್ಲೇ ಪ್ರೊಗ್ರೆಸಿವ್ ಅನ್ನುವವರು ನಾಲ್ಕು ನಾಲ್ಕು ಎಣಿಸಿ ಬೇಸರ ಬಂದು ಐದು, ಏಳು, ಹನ್ನೊಂದು ಎಂದು ಎಣಿಸಲು ಹೊರಟವರು ಎಂದೆ. ಏಳು ಎಣಿಸುವುದೇನು ಹೊಸದು, ನಮ್ಮ ಭಜನೆ ಮನೆಯಲ್ಲಿ ಮಿಶ್ರಛಾಪು ಎಂದು ಅಷ್ಟೇ ಎಣಿಸುತ್ತೇವಲ್ಲ ಎಂದು ನಾನು ಅಂದದ್ದಕ್ಕೆ ನೀನು ನನ್ನನ್ನು ತಬ್ಬಿಕೊಂಡೆ. ಮೊದಲೆಲ್ಲ ಬೆಂಗಳೂರಿನ ದೊಡ್ಡ ಕಾಲೇಜಿನವರಷ್ಟೇ ಇದನ್ನು ಬಾರಿಸುತ್ತಿದ್ದರಂತೆ, ಈಗ ಹೊಸಕೋಟೆ, ನೆಲಮಂಗಲದ ಹುಡುಗರೂ ಕಪ್ಪು ಬನಿಯನ್ ಹಾಕಿಕೊಂಡು ಶುರು ಮಾಡಿದ್ದಾರಂತೆ. ಎದುರು ಮನೆಯ ಅಪ್ಪಯ್ಯಣ್ಣ ಇದನ್ನು ಕೇಳಿ, "ಸಂಗೀತ ಅಂದ್ರೆ ಕಿವಿಗೆ ತಂಪಾಗಿರ್ಬೇಕು ಕಣಮ್ಮ" ಎಂದ. ನಲವತ್ತು ವರ್ಷ ಪವರ್‌ಲೂಮಿನ ಮುಂದೆ ನಿಂತ ನನ್ನ ಕಿವಿಗೆ ತಂಪು ಹೇಗೆ ಹತ್ತುತ್ತದೆ? ನನಗೆ ನಿಮ್ಮದೇ ಸರಿಯಾಗಿ ಕೇಳಿಸುವ ಸಂಗೀತ.

ಆಮೇಲೆ ಸೆಪ್ಟೆಂಬರಿನ ಆ ಸ್ಪರ್ಧೆ. ನಾನೂ ನಿಮ್ಮಪ್ಪನೂ ಎರಡನೇ ಸಾಲಿನಲ್ಲಿ ಕೂತಿದ್ದೆವು. ಗಾಯ ಕೆರೆಯುತ್ತಿದ್ದೇನೆ ಎಂದು ಸಿಟ್ಟಾಗಬೇಡ, ಕೆರೆಯದೆ ಮುಳ್ಳು ತೆಗೆಯಲು ಆಗುವುದಿಲ್ಲ. ಹಾಡಿನ ನಡುವೆ ಒಂದು ಜಾಗದಲ್ಲಿ ಮೂವರೂ ಪೂರ್ತಿ ನಿಲ್ಲಿಸುತ್ತೀರಿ. ಏಳು ಎಣಿಕೆ ಮೌನ. ಎಂಟಕ್ಕೆ ಮೂವರೂ ಒಂದೇ ಏಟಿಗೆ ತಾಳಕ್ಕೆ ಬೀಳಬೇಕು. ನಮ್ಮ ಶೆಡ್ಡಿನಲ್ಲಿ ನೂರು ಸಲ ಬಿದ್ದಿದ್ದೀರಿ, ಒಂದು ಸಲವೂ ತಪ್ಪಿದ್ದಿಲ್ಲ. ಅವತ್ತು ಅಂಬರೀಶ ಮೊದಲೇ ಬಿದ್ದ, ನೀನು ತಡವಾಗಿ ಬಿದ್ದೆ, ನಂದೀಶ ಬಾಯಿ ಬಿಟ್ಟುಕೊಂಡು ನಿನ್ನನ್ನೇ ನೋಡುತ್ತಾ ನಿಂತ. ಮತ್ತೆ ಶುರು ಮಾಡಿದಿರಿ, ಮತ್ತೆ ಅದೇ ಜಾಗ, ಮತ್ತೆ ಅದೇ ಗತಿ. ಹಿಂದೆ ಕೂತವರು ನಕ್ಕರು. ನೀನು ಕೋಲುಗಳನ್ನು ಕೆಳಗಿಟ್ಟು ಇಳಿದು ಬಂದುಬಿಟ್ಟೆ.

ನೀನು ಹೋದ ಮೇಲೆ ನನಗೆ ಅದೊಂದೇ ಯೋಚನೆ. ಎಳೆ ಕಿತ್ತುಹೋದರೆ ಎಲ್ಲಿ ಕಿತ್ತಿತು ಎಂದು ಹುಡುಕುವುದು ನಮ್ಮ ಕಸುಬು, ಸುಮ್ಮನೆ ಬಿಡುವ ಜಾತಿ ನಾನಲ್ಲ. ನಂದೀಶನನ್ನು ಕೂರಿಸಿಕೊಂಡು ಅವನ ಫೋನಿನಲ್ಲಿ ಶೆಡ್ಡಿನ ಅಭ್ಯಾಸ ಹಾಕಿಸಿದೆ. ಆ ಮೌನದ ಜಾಗ ಬಂತು. ಮೌನ ಎಲ್ಲಿದೆ? ಮೂಲೆಯ ಹಳೆಯ ಮಗ್ಗ ಖಟ್ ಖಟ್ ಎಂದು ಏಳು ಹೊಡೆಯುತ್ತಿದೆ, ಎಂಟಕ್ಕೆ ನೀವು ಬೀಳುತ್ತಿದ್ದೀರಿ. ಇನ್ನೊಂದು ದಿನದ್ದು ಹಾಕಿಸಿದೆ, ಅದರಲ್ಲೂ ಹಾಗೇ. ಆಮೇಲೆ ಸ್ಪರ್ಧೆಯದ್ದು ಹಾಕಿಸಿದೆ. ಆ ಜಾಗದಲ್ಲಿ ಏನೂ ಇಲ್ಲ, ಬರೀ ಬಯಲು. ಇಷ್ಟು ದಿನ ಏಳು ಎಣಿಸುತ್ತಿದ್ದದ್ದು ನೀವಲ್ಲ, ಮಗ್ಗ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಇದೆಯಲ್ಲ, ನಿನ್ನ ವಿಷಯದಲ್ಲಿ ಉಲ್ಟಾ ಆಯಿತು. ನೆಲವೇ ಡೊಂಕಾಗಿತ್ತು, ನೀನೋ ಕುಣಿಯಲು ಬರುವುದಿಲ್ಲವೆಂದು ಊರು ಬಿಟ್ಟೆ.

ನಾಲ್ಕು ವರ್ಷದಲ್ಲಿ ನೀವು ಒಂದೇ ಒಂದು ದಿನ ಮಗ್ಗದ ಸದ್ದಿಲ್ಲದೆ ಬಾರಿಸಿಲ್ಲ ಸ್ನೇಹ. ಕರೆಂಟು ಹೋದರೆ ಮಗ್ಗ ನಿಲ್ಲುತ್ತಿತ್ತು, ನಂದೀಶನ ಗಿಟಾರೂ ನಿಲ್ಲುತ್ತಿತ್ತು, ನೀವು ಟೀ ಕುಡಿಯಲು ಏಳುತ್ತಿದ್ದಿರಿ. ರಾತ್ರಿ ಬಾರಿಸುವ ಹಾಗಿರಲಿಲ್ಲ. ಉಳಿದದ್ದು ಅಮಾವಾಸ್ಯೆ ಒಂದೇ. ಅವತ್ತು ನಮ್ಮವರ್ಯಾರೂ ಮಗ್ಗ ಓಡಿಸುವುದಿಲ್ಲ, ಬೀದಿಗೆ ಬೀದಿಯೇ ತಣ್ಣಗಿರುತ್ತದೆ. ಕೋಲು ಹಿಡಿದ ಮೊದಲ ತಿಂಗಳೇ ನೀನು ಕೇಳಿದ್ದೆ, "ಅಜ್ಜಿ, ಅಮಾವಾಸ್ಯೆ ದಿನ ಶೆಡ್ ಖಾಲಿ ಇರತ್ತಲ್ಲ, ಬಾರಿಸ್ಲಾ?" ಎಂದು. ಬೇಡ ಎಂದವಳು ನಾನು. ಮಗ್ಗ ವಿಶ್ರಾಂತಿ ತೆಗೆದುಕೊಳ್ಳುವ ದಿನ ಮಗ್ಗದ ಮನೆಯಲ್ಲಿ ಸೌಟಿನ ಸದ್ದೂ ಆಗಬಾರದು ಎಂದು ನನ್ನ ಅತ್ತೆ ನನಗೆ ಹೇಳಿದ್ದನ್ನೇ ನಿನಗೆ ಹೇಳಿದೆ. ನೀನು ಒಪ್ಪಿಕೊಂಡೆ. ತಿಂಗಳಿಗೆ ಒಂದು ದಿನ ಆ ಮೌನದಲ್ಲಿ ಬಾರಿಸಿದ್ದರೆ ಮೊದಲ ಅಮಾವಾಸ್ಯೆಯಲ್ಲೇ ನಿನ್ನ ತಪ್ಪು ನಿನಗೆ ಸಿಗುತ್ತಿತ್ತು, ಎರಡನೆಯದರಲ್ಲಿ ತಿದ್ದಿಕೊಳ್ಳುತ್ತಿದ್ದೆ. ಅಷ್ಟು ಜನರ ಮುಂದೆ ನಿನ್ನನ್ನು ಬೀಳಿಸಿದವಳು ನಾನು. ತಪ್ಪಾಯಿತು ತಾಯಿ. ಮೊಮ್ಮಗಳ ಹತ್ತಿರ ತಪ್ಪಾಯಿತು ಎಂದು ಹೇಳುವುದಕ್ಕೆ ನನಗೆ ನಾಚಿಕೆಯಿಲ್ಲ.

ನಿನಗೆ ಹೇಳದ ಒಂದು ವಿಷಯವಿದೆ. ನಾವು ಕೈಮಗ್ಗ ಬಿಟ್ಟು ಪವರ್‌ಲೂಮ್ ಹಾಕಿದ ವರ್ಷ ನಿಮ್ಮ ತಾತ ಮೊದಲ ಮಗ್ಗವನ್ನು ನನಗೆ ಒಪ್ಪಿಸಿದರು. ಕೈಮಗ್ಗದಲ್ಲಿ ನನ್ನಷ್ಟು ಚೆನ್ನಾಗಿ ನೇಯುವವರು ಬೀದಿಯಲ್ಲಿರಲಿಲ್ಲ, ಆ ಜಂಬ ನನಗಿತ್ತು. ಹೊಸ ಮಗ್ಗ ನೋಡಲು ನೆಂಟರೆಲ್ಲ ಬಂದಿದ್ದರು. ಸ್ವಿಚ್ ಹಾಕಿದೆ, ನನ್ನ ಕಾಲು ಅಭ್ಯಾಸ ಬಲದಿಂದ, ಕೈಮಗ್ಗದಲ್ಲಿದ್ದು ಇದರಲ್ಲಿ ಇಲ್ಲದ ತುಳಿಹಲಗೆಯನ್ನು ತುಳಿಯಲು ಹೋಯಿತು, ಗಮನ ತಪ್ಪಿತು. ಲಾಳಿ ಹಾಸಿನ ಎಳೆಗಳ ಮಧ್ಯೆ ಸಿಕ್ಕಿಕೊಂಡದ್ದು ನನಗೆ ಕಾಣಲಿಲ್ಲ. ನಿಲ್ಲಿಸುವಷ್ಟರಲ್ಲಿ ಮುನ್ನೂರು ಎಳೆ ಕಿತ್ತುಹೋಗಿತ್ತು. ನೆಂಟರು ನಕ್ಕರು, ನನ್ನ ಮೈದುನ ಅಂತೂ ವರ್ಷವಿಡೀ ನಕ್ಕ. ಎರಡು ದಿನ ಕೂತು ಒಂದೊಂದೇ ಎಳೆಗೆ ಗಂಟು ಹಾಕಿದೆ. ಮೂರನೆಯ ದಿನ ಅದೇ ಮಗ್ಗದ ಮುಂದೆ ಹೋಗಿ ನಿಂತೆ. ಧೈರ್ಯ ಇದ್ದು ನಿಂತದ್ದಲ್ಲ. ನಿಂತ ಮೇಲೆ ಧೈರ್ಯ ಬಂತು.

ಬರುವ ಗುರುವಾರ ಇಪ್ಪತ್ತನೇ ತಾರೀಕು ಅಮಾವಾಸ್ಯೆ. ಅವತ್ತು ಬೆಳಿಗ್ಗೆಯಿಂದ ಸಂಜೆಯವರೆಗೆ ಶೆಡ್ಡು ನಿಮ್ಮದು. ಸೀನಪ್ಪನಿಗೆ ಹೇಳಿದ್ದೇನೆ. "ನೀನೇ ಹೇಳಿದ್ ಕಟ್ಟಳೆ ನೀನೇ ಮುರೀತೀಯಾ ಅವ್ವ?" ಎಂದ. ಮಗ್ಗ ವಿಶ್ರಾಂತಿ ತೆಗೆದುಕೊಳ್ಳಲಿ, ಹುಡುಗಿ ತೆಗೆದುಕೊಂಡದ್ದು ಸಾಕು ಎಂದೆ. ಅವನು ಬೇಡ ಎನ್ನಲಿಲ್ಲ. ದೇವರ ಮನೆಯಲ್ಲಿ ಅಮ್ಮನವರ ಮುಂದೆ ದೀಪ ಹಚ್ಚಿ ಅವಳಿಗೂ ತಿಳಿಸಿದ್ದೇನೆ, ಕೋಪ ಬಂದರೆ ನನ್ನ ಮೇಲೆ ಬರಲಿ. ಮೂವತ್ತನೇ ತಾರೀಕು ಯಲಹಂಕದ ಹತ್ತಿರ ಇನ್ನೊಂದು ಕಾರ್ಯಕ್ರಮವಿದೆ, ಹನ್ನೆರಡು ಬ್ಯಾಂಡುಗಳಂತೆ. ಅಮಾವಾಸ್ಯೆ ಆದ ಮೇಲೆ ಹತ್ತು ದಿನ ಉಳಿಯುತ್ತದೆ. ಆ ಹತ್ತು ದಿನವೂ ಸಂಜೆ ಒಂದು ಗಂಟೆ ಹೊತ್ತು ಮಗ್ಗ ನಿಲ್ಲಿಸುತ್ತೇನೆ. ಬೀದಿಯವರು ಜಗಳಕ್ಕೆ ಬಂದರೆ ನಾನು ನೋಡಿಕೊಳ್ಳುತ್ತೇನೆ. ಹಿಂದೆ ಮದುವೆ ಮನೆ ಎಂದರೂ ನಿಲ್ಲಿಸಿದವಳಲ್ಲ ನಾನು. ಮೌನದಲ್ಲಿ ಏಳು ಎಣಿಸಲು ನಿನಗೆ ಬರುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ. ಬರುವುದಿಲ್ಲ ಎಂದು ನೀನು ತೀರ್ಮಾನ ಮಾಡಿದ್ದೀಯಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ನೋಡದೆ ತೀರ್ಮಾನ ಮಾಡುವವರು ಅಪ್ಪಯ್ಯಣ್ಣನಂಥವರು. ನೀನು ನನ್ನ ಮೊಮ್ಮಗಳು.

ವೇಣುಗೋಪಾಲನಿಗೂ ಅವನ ಮನೆಯವಳಿಗೂ ನಾನು ಕೇಳಿದೆನೆಂದು ಹೇಳು. ಅವರ ಮನೆಯ ಅನ್ನದ ಋಣ ತೀರಿಸಲು ಆಗುವುದಿಲ್ಲ, ಹೊರಡುವಾಗ ಕಾಲಿಗೆ ಬಿದ್ದು ಬಾ. ದೇವಿ ನಿನ್ನ ಕೈಗೂ ಕಾಲಿಗೂ ಬಲ ಕೊಡಲಿ, ಮೂಗು ಕಟ್ಟದಿರಲಿ.

ಇಂತಿ ನಿನ್ನ ದಾರಿ ನೋಡುವ,
ಅಜ್ಜಿ ಬನಶಂಕರಿ

ಇನ್ನೊಂದು ಮಾತು, ನಂದೀಶ ಗಾಡಿ ಸ್ಟಾರ್ಟ್ ಮಾಡಿ ನಿಂತಿದ್ದಾನೆ. ಮೂವತ್ತರ ಕಾರ್ಯಕ್ರಮಕ್ಕೆ ನಿನ್ನೆಯೇ ಫಾರಂ ತುಂಬಿ ಕಳಿಸಬೇಕಿತ್ತು. ಡ್ರಮ್ಸ್ ಯಾರು ಎಂಬ ಜಾಗ ಖಾಲಿ ಬಿಟ್ಟರೆ ತೆಗೆದುಕೊಳ್ಳುವುದಿಲ್ಲವಂತೆ. ನಿನ್ನನ್ನು ಕೇಳದೆ ನಿನ್ನ ಹೆಸರು ಹಾಕುವುದು ನ್ಯಾಯವಲ್ಲ, ಅದಕ್ಕೆ ನನ್ನ ಹೆಸರು ಬರೆಸಿದ್ದೇನೆ. ಬನಶಂಕರಿ, ವಯಸ್ಸು ಎಪ್ಪತ್ತೊಂದು, ಆಧಾರ್ ಕಾರ್ಡಿನ ಫೋಟೋ ಸಮೇತ. ಹೆಸರು ಬದಲಾಯಿಸಲು ಬರುವ ಶುಕ್ರವಾರ ಕೊನೆಯ ದಿನ. ನೀನು ಬರದಿದ್ದರೆ ನಾನೇ ಹತ್ತುತ್ತೇನೆ ಸ್ನೇಹ, ತಮಾಷೆಯಲ್ಲ, ನನ್ನನ್ನು ನೀನು ಬಲ್ಲೆ. ನಗುವವರು ನಗಲಿ. ಅವರು ನಕ್ಕು ಮುಗಿಸುವವರೆಗೂ ನಾನು ಮಾತ್ರ ಆ ಸ್ಟೂಲಿನಿಂದ ಏಳುವುದಿಲ್ಲ.