ಕುಂಟೆ ಮುಚ್ಚಿದ ವರ್ಷ

ಬನಶಂಕರಿ ಎರಡನೆಯ ಹಂತ,
ಬೆಂಗಳೂರು
೧೪–೭–೨೦೨೫

ಮೈಸೂರಿನಲ್ಲಿ ಓದುತ್ತಿರುವ ಮೊಮ್ಮಗಳು ಲಿಖಿತಾಳಿಗೆ ಅಜ್ಜನ ಪ್ರೀತಿಯ ಆಶೀರ್ವಾದಗಳು.

ಮೊದಲು ನನ್ನ ತಪ್ಪೊಪ್ಪಿಗೆ. ಉತ್ತರಹಳ್ಳಿಯ ಹಳೆಯ ಊರಿನ ನೀರಿನ ಕುಂಟೆಯನ್ನು ಮಣ್ಣು ಸುರಿದು ಮುಚ್ಚಿದ್ದು ೧೯೮೪ರ ಬೇಸಿಗೆಯಲ್ಲಿ ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಅದು ಸರಿಯಲ್ಲ, ಕ್ಷಮಿಸು. ಆ ಊರಿನ ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳ ತಪ್ಪು ತಿದ್ದಿದವನು ತನ್ನದನ್ನು ಮೊದಲ ಸಾಲಿನಲ್ಲೇ ತಿದ್ದಿಕೊಳ್ಳಬೇಕು.

ನಿನ್ನ ಸಂಶೋಧನಾ ಪ್ರಸ್ತಾವದ ಕರಡನ್ನು ಎರಡು ಬಾರಿ ಓದಿದೆ. ಮದುವೆಗೆ ಮುನ್ನ ಹೆಂಗಸರು ಕಳಸ ಹೊತ್ತು ಹೋಗಿ ಗಂಗೆಪೂಜೆ ಮಾಡಿ ನೀರು ತರುತ್ತಿದ್ದ ಕುಂಟೆಯೇ ಇಲ್ಲವಾದಾಗ ಆ ಪೂಜೆ ಎಲ್ಲಿಗೆ ಹೋಯಿತು? ಪ್ರಶ್ನೆ ಗಟ್ಟಿಯಾಗಿದೆ. ಒಂದೇ ಊರು, ಒಂದೇ ಕುಂಟೆ. ಪ್ರಕರಣ ಅಧ್ಯಯನಕ್ಕೆ ಅಷ್ಟು ಸಾಕು. ಪೀಠಿಕೆಯಲ್ಲಿ ಪುಟ್ಟೇನಹಳ್ಳಿ ಕೆರೆಯನ್ನೂ ಎಳೆದು ತಂದಿರುವೆ, ಅದನ್ನು ಬಿಟ್ಟುಬಿಡು.

ಆದರೆ ಏಳನೆಯ ಪುಟದಲ್ಲಿ ನನ್ನ ಲೇಖನಿ ನಿಂತಿತು. ತಮ್ಮ ಮದುವೆಯ ವರ್ಷವೂ ಕುಂಟೆಯಿತ್ತೆಂದು ಆ ಊರಿನ ಅಂಜನಮ್ಮನವರು ನಿನಗೆ ಹೇಳಿದ್ದಾರೆ. ಮಕ್ಕಳ ವಯಸ್ಸಿನಿಂದ ನೀನು ಲೆಕ್ಕ ಹಾಕಿದ ಆ ವರ್ಷ ನಾನು ಕೊಟ್ಟ ಇಸವಿಗೆ ಹೊಂದದ ಕಾರಣ, ಈ ಮಾಹಿತಿದಾರರ ನೆನಪು ನಂಬಲರ್ಹವಲ್ಲ ಎಂದು ನೀನು ಬರೆದಿರುವೆ. ಆ ವಾಕ್ಯವನ್ನು ಕೆಂಪು ಮಸಿಯಿಂದ ಹೊಡೆದುಹಾಕಿದ್ದೇನೆ.

ಮೊನ್ನೆ ಶನಿವಾರ ಬಸ್ಸು ಹಿಡಿದು ಅವರಲ್ಲಿಗೆ ಹೋದೆ. ಅವರ ರಾಗಿಹೊಲವಿದ್ದಲ್ಲಿ ಈಗ ನಾಲ್ಕು ಅಂತಸ್ತಿನ ಬಾಡಿಗೆ ಮನೆ. ಬಂದ ಕಾರಣ ತಿಳಿಸಿದೆ. ಅವರು ಕಾಫಿ ಕೊಟ್ಟು, ಮದುವೆಯ ಛಾಯಾಚಿತ್ರವೊಂದನ್ನು ನನ್ನ ಮುಂದಿಟ್ಟರು.

“ನಾನು ಓದ್ದೋಳಲ್ಲ ಮೇಷ್ಟ್ರೇ, ಇಸವಿಗಿಸವಿ ಗೊತ್ತಿಲ್ಲ. ಕುಂಟೆ ಆಗ್ಲೇ ಮುಚ್ಚಿದ್ರೆ ನನ್ ಮದ್ವೆಗೆ ಗಂಗೆ ಎಲ್ಲಿಂದ ಬಂತು, ನಿಮ್ ಸ್ಕೂಲಿನ ಕೊಳಾಯಿಂದ್ಲಾ?”

ಚಿತ್ರದಲ್ಲಿ ಕುಂಟೆಯ ಮೆಟ್ಟಿಲು, ಕಳಸ, ವಾಲಗದವರು. ಚಿತ್ರದ ಹಿಂಬದಿಗೆ ಛಾಯಾಗ್ರಾಹಕನ ಮುದ್ರೆ: ಮೇ ೧೯೮೬. ಮೂರು ವರ್ಷಗಳ ಬಳಿಕ ಅವರ ನಾದಿನಿ ತಿಮ್ಮಕ್ಕನ ಮದುವೆಗೆ ರಸ್ತೆಬದಿಯ ಕೈಪಂಪಿಗೇ ಅರಿಶಿನ ಹಚ್ಚಿ ಪೂಜೆ ಮಾಡಿದರಂತೆ. ನಾಚಿಕೆಯಾಗಿ ಯಾರೂ ಚಿತ್ರ ತೆಗೆಸಲಿಲ್ಲವಂತೆ. ಆ ಊರಿನವರು ಕಾಲವನ್ನು ಮದುವೆಗಳಿಂದ ಎಣಿಸುತ್ತಾರೆ. ನಿನ್ನ ಅಧ್ಯಯನ ವಿಧಾನದಲ್ಲಿ ಹೀಗೆ ಬರೆ: ಮೊದಲು ಮದುವೆಗಳ ಪಟ್ಟಿ, ಆಮೇಲೆ ಕಾಗದದ ದಾಖಲೆ.

ನಾನು ಹೊರಡಲು ಎದ್ದಾಗ ಅಂಜನಮ್ಮನವರು ಇನ್ನೊಂದು ಮಾತು ಕೇಳಿದರು.

“ಮುಚ್ಚಿ ಅಂತ ಅರ್ಜಿ ಹಾಕಿದ್ರಲ್ಲ, ನಮ್ಮನ್ನ ಒಂದು ಮಾತು ಕೇಳಿದ್ರಾ ಮೇಷ್ಟ್ರೇ?”

ಇದೇ ನಿನ್ನ ಮುಖ್ಯ ಪ್ರಶ್ನೆಯಾಗಲಿ.

ಅರ್ಜಿ ಬರೆದವರು ಯಾರೆಂದು ಗೊತ್ತಾಗದಿದ್ದರೆ ಆ ಅಧ್ಯಾಯವನ್ನೇ ಕೈಬಿಡುವಂತೆ ನಿನ್ನ ಮಾರ್ಗದರ್ಶಕರು ಹೇಳಿದರೆಂದು ನೀನು ತಿಳಿಸಿದ್ದೆ. ಕೈಬಿಡಕೂಡದು. ತಾರೀಖು ಮಾಸಿಹೋದ ಅರ್ಜಿಯ ನಕಲು ನಿನ್ನ ಬಳಿಯಿದೆ. ನಲವತ್ತೊಂದು ರುಜುಗಳಲ್ಲಿ ಹೆಣ್ಣಿನ ಹೆಸರು ಒಂದೂ ಇಲ್ಲ. ಅದನ್ನು ಬರೆದವನು ಇನ್ನೂ ಬದುಕಿದ್ದಾನೆ. ಅವನನ್ನು ಮೊದಲನೆಯ ಮಾಹಿತಿದಾರನನ್ನಾಗಿ ಸೇರಿಸು. ವಯಸ್ಸಾಗಿದೆಯೆಂದು ಮೃದುವಾಗಿ ಪ್ರಶ್ನಿಸಬೇಡ. ಇದೇ ಮೂವತ್ತನೆಯ ತಾರೀಖಿಗೆ ಪ್ರಸ್ತಾವ ಸಲ್ಲಿಕೆಯಾಗಲೇಬೇಕು.

ನಿನ್ನ ಬರವಣಿಗೆಯ ಮೇಲೆ ಭರವಸೆಯಿಟ್ಟಿರುವ,
ಅಜ್ಜ ಶಂಭುಲಿಂಗಪ್ಪ

ಮರೆತದ್ದಲ್ಲ, ಕೊನೆಗೆಂದು ಉಳಿಸಿಕೊಂಡದ್ದು: ‘ಮಿತಿಗಳು’ ಎಂಬ ಭಾಗದಲ್ಲಿ, ಮೊದಲನೆಯ ಮಾಹಿತಿದಾರ ಸಂಶೋಧಕಿಯ ಅಜ್ಜನೆಂದು ಮುಚ್ಚುಮರೆಯಿಲ್ಲದೆ ನಮೂದಿಸು. ತಿದ್ದಿದ ತಾರೀಖುಗಳು ಇವು:

ನನಗೆ ಕನಕಪುರಕ್ಕೆ ವರ್ಗವಾದದ್ದು: ಜೂನ್ ೧೯೮೩.
ಉತ್ತರಹಳ್ಳಿಗೆ ಮರಳಿದ್ದು: ಜೂನ್ ೧೯೮೫. (ನಾನು ಊರಿನಲ್ಲಿಲ್ಲದ ವರ್ಷವೆಂದೇ ನಿನಗೆ ೧೯೮೪ ಎಂದು ಬರೆದೆ.)
ಅಂಜನಮ್ಮನವರ ಮದುವೆ: ಮೇ ೧೯೮೬. ಕುಂಟೆಯಿತ್ತು.
ಕುಂಟೆ ಮುಚ್ಚಿದ್ದು: ಫೆಬ್ರವರಿ ೧೯೮೮.
ಆ ಜಾಗದಲ್ಲಿ ನನ್ನ ಶಾಲೆಗೆ ಎರಡು ಕೊಠಡಿ ಎದ್ದದ್ದು: ಜೂನ್ ೧೯೮೯.
‘ಈ ಕುಂಟೆಯಿಂದ ಯಾರಿಗೂ ಉಪಯೋಗವಿಲ್ಲ’ ಎಂದು ನಾನು ಅರ್ಜಿ ಬರೆದದ್ದು: ೯ ನವೆಂಬರ್ ೧೯೮೭, ಸೋಮವಾರ.