ಹುಲಿಗೆವ್ವನ ಕೌದಿ ಮತ್ತು ತಮ್ಮ ಕರವಸ್ತ್ರ

ಹಿಂಜವಾಡಿ, ಪುಣೆ
ಡಿಸೆಂಬರ್ 2004

ಹವೆಯ ತಪಾಸಣೆಯ ಹೊಣೆ ಹೊತ್ತ ಮಾನ್ಯರೇ,

ನಾವಿರುವ ತಗಡಿನ ಪತ್ರಾಶೆಡ್ಡುಗಳ ಬೆನ್ನಿಗೇ, ಪಾಲಿಯೆಸ್ಟರ್ ಚಿಂದಿ ಹರಿದು ದಿಂಬಿಗೆ ತುಂಬುವ ಅರಳೆ ಮಾಡುವ ಕಾರ್ಖಾನೆಯಿದೆ. ಅದರ ದೂಳಿನಿಂದ ನನ್ನ ಏಳು ವರ್ಷದ ಮಗಳು ಆರತಿಯ ಉಬ್ಬಸ ಹೆಚ್ಚಿದೆ. ತಾವು ಬಂದಿರಿ, ಮೂಗಿಗೆ ಕರವಸ್ತ್ರ ಹಿಡಿದು ನೋಡಿದಿರಿ, ದೂಳು ನಿರಪಾಯಕಾರಿ ಎಂದು ತೀರ್ಪು ಕೊಟ್ಟು ಹೋದಿರಿ. ನಿರಪಾಯಕಾರಿ ದೂಳಿಗೆ ಕರವಸ್ತ್ರ ಯಾಕೆ ಬೇಕಾಯಿತು? ಮರಾಠಿಯಲ್ಲಿ ಕೊಟ್ಟ ಅರ್ಜಿಗೆ ಉತ್ತರ ಬರಲಿಲ್ಲ. ಅದಕ್ಕೇ ಇದನ್ನು ಪುಣೆಯ ನಮ್ಮವರೆಲ್ಲ ಓದಲೆಂದು ಕನ್ನಡದಲ್ಲಿ ಬಹಿರಂಗ ಪತ್ರವಾಗಿ ಬರೆಯುತ್ತಿದ್ದೇನೆ; ತಾವು ಯಾರಿಂದಲಾದರೂ ಓದಿಸಿಕೊಳ್ಳಿ.

ತಮಗೆ ಬಹಳ ಮೆಚ್ಚುಗೆಯಾದ ಸಾಕ್ಷಿಯಿಂದಲೇ ಶುರು ಮಾಡುತ್ತೇನೆ. ನಮ್ಮ ರಾಯಚೂರು ಕಡೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಕೌದಿ ಹೊಲಿಯುತ್ತಾರೆ. ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಇಲ್ಲಿಗೆ ಬಂದವರ ಮನೆಯಲ್ಲಿ ಅಷ್ಟು ಸೀರೆ ಎಲ್ಲಿಂದ ಬರಬೇಕು? ನನ್ನ ಅತ್ತೆ ಹುಲಿಗೆವ್ವ, ಕಾರ್ಖಾನೆಯ ಬೇಲಿಗೆ ಸಿಕ್ಕಿಕೊಂಡ ಬಿಳಿ ಅರಳೆಯನ್ನು ಆರಿಸಿ ತಂದು, ಎರಡು ಸೀರೆಗಳ ನಡುವೆ ತುಂಬಿ ಹೊಲಿದರು. "ಹತ್ತಿ ಇದ್ದಂಗ ಅದ ನೋಡವ್ವಾ, ಕೂಸು ಬೆಚ್ಚಗ ಮಲಗ್ತದ," ಅಂದರು. ಹೊದ್ದುಕೊಂಡ ಕೂಸು "ಅವ್ವಾ, ಉಸುರು ಬರವಲ್ದು" ಎಂದು ಎದ್ದು ಕೂತಿತು. ಡಾಕ್ಟರು ಹೇಳಿದಂತೆ ಕೌದಿಯನ್ನು ಗಂಟು ಕಟ್ಟಿಟ್ಟೆವು. ಉಬ್ಬಸ ತುಸು ತಗ್ಗಿತು, ಹೋಗಲಿಲ್ಲ. ಕಾರ್ಖಾನೆಯ ಯಂತ್ರವಂತೂ ನಿಂತಿರಲಿಲ್ಲ. ಒಣಹಾಕಿದ ಬಟ್ಟೆಯ ಮೇಲೆ, ರೊಟ್ಟಿ ಹಿಟ್ಟಿನ ಮೇಲೆ, ಮಲಗಿದ ಮಗಳ ರೆಪ್ಪೆಯ ಮೇಲೆ ಅದೇ ಬಿಳಿ ಎಳೆ.

ಕೌದಿಯ ಕಥೆ ಕೇಳಿದ್ದೇ ತಡ, ತಮ್ಮ ಮುಖ ಅರಳಿತು. ಮುದುಕಿಯ ಕಡೆ ಬೆರಳು ತೋರಿಸಿ, ದೋಷ ನಿಮ್ಮ ಮನೆಯೊಳಗೇ ಇದೆ ಎಂದಿರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಅದೇ ಅರಳೆ ಕೌದಿಯೊಳಗಿದ್ದರೆ ರೋಗ, ಕಾರ್ಖಾನೆಯ ದೂಳು ಹೊರದಬ್ಬುವ ಫ್ಯಾನಿನಿಂದ ಹಾರಿ ಬಂದರೆ ನಿರಪಾಯವೇ? ಕಿಟಕಿ ಮುಚ್ಚಿಕೊಳ್ಳಿ ಎಂಬ ಅಪ್ಪಣೆಯೂ ಆಯಿತು. ಪತ್ರಾಶೆಡ್ಡಿಗೆ ಮುಚ್ಚಲು ಕಿಟಕಿ ಎಲ್ಲಿದೆ ಸ್ವಾಮಿ? ಪ್ಲಾಸ್ಟಿಕ್ಕಿನ ಎಳೆ ಕರಗುವುದಿಲ್ಲ, ಆದ್ದರಿಂದ ಮೈಗೆ ಏನೂ ಮಾಡದು ಎಂದಿರಿ. ಕರಗದ್ದು ಕೂಸಿನ ಎದೆಯೊಳಗೆ ಹೋಗಿ ಎಲ್ಲಿ ಕೂರುತ್ತದೆ ಎಂದು ಕೇಳಿದೆ. ತಾವು ಜೀಪು ಹತ್ತಿದಿರಿ.

ಅಂದಿನಿಂದ ಅತ್ತೆ ಸೂಜಿ ಮುಟ್ಟಿಲ್ಲ. ಮೊಮ್ಮಗಳು ಮಗ್ಗುಲಿಗೆ ಬಂದರೆ ದೂರ ಸರಿದು ಮಲಗುತ್ತಾರೆ. "ಕೂಸಿಗೆ ನಾನ ರೋಗ ಹೊಚ್ಚಿದ್ನಲ್ಲವ್ವಾ" ಎಂದು ಅಳುತ್ತಾರೆ. ಮಗಳ ಉಬ್ಬಸಕ್ಕೆ ತಮ್ಮ ಮೇಲೆ ಎಷ್ಟು ಸಿಟ್ಟಿದೆಯೋ ಈ ಅಳುವಿಗೂ ನನಗೆ ಅಷ್ಟೇ ಸಿಟ್ಟಿದೆ.

ಆ ಫ್ಯಾನಿನ ಬಾಯಿಗೆ ದೂಳು ಹಿಡಿಯುವ ಚೀಲ ಕಟ್ಟುವವರೆಗೆ ಯಂತ್ರ ನಿಲ್ಲಿಸಿ. ಇಲ್ಲವಾದರೆ ಸೋಮವಾರ ನಮ್ಮ ಓಣಿಯ ತಾಯಂದಿರೆಲ್ಲ ಆ ಕೌದಿ ಹೊತ್ತು ತಮ್ಮ ಕಚೇರಿಗೆ ಬರುತ್ತೇವೆ. ಹೊಲಿಗೆ ಬಿಚ್ಚಿ ತಮ್ಮ ಮೇಜಿನ ಮೇಲೆ, ತಿರುಗುವ ಫ್ಯಾನಿನ ಕೆಳಗೆ ಹರವುತ್ತೇವೆ. ನಿರಪಾಯಕಾರಿಯಲ್ಲವೇ? ಕರವಸ್ತ್ರವಿಲ್ಲದೆ ಕೂತು ತೋರಿಸಿ.

ಇನ್ನೊಂದು ಕೆಲಸ ಉಳಿದಿದೆ. ಬೆರಳು ತೋರಿಸಿದ ಜಾಗದಲ್ಲೇ ನಿಂತು, ತಪ್ಪು ನಿಮ್ಮದಲ್ಲ ಎಂದು ಹುಲಿಗೆವ್ವನಿಗೆ ತಾವು ಹೇಳಬೇಕು. ಮರಾಠಿಯಲ್ಲೇ ಹೇಳಿ. ಕನ್ನಡದಲ್ಲಿ ನಾನು ತಿಳಿಸುತ್ತೇನೆ.

ಇಂತಿ,
ಮುಚ್ಚಲು ಇನ್ನೂ ಕಿಟಕಿ ಹುಡುಕುತ್ತಿರುವ,
ಆರತಿಯ ತಾಯಿ ಶಿವಕಾಂತಾ