ದಾರವಿಲ್ಲದ ಹೊಲಿಗೆ

ಜೂನ್ 3, ಮಧ್ಯಾಹ್ನ

ಊಟವಾಯಿತು. ಅಪ್ಪ ಮಲಗಿದರು. ಮನೆಯೆಲ್ಲ ತುದಿಗಾಲಲ್ಲಿ. ಮಲಗುವ ಮೊದಲು ಮೊಬೈಲ್ ನೋಡಿ ಗಟ್ಟಿಯಾಗಿ ಓದಿದರು— "ಮಧ್ಯಾಹ್ನ ಇಪ್ಪತ್ತು ನಿಮಿಷ ಮಲಗಿದ್ರೆ ತಲೆ ಚುರುಕಾಗುತ್ತಂತೆ, ಬಿಪಿ ಇಳಿಯುತ್ತಂತೆ." ಅತ್ತಿಗೆ ತಟ್ಟೆ ಎತ್ತುತ್ತಾ ಆಕಳಿಸಿದರು. "ಬಾಯಿಗೆ ಕೈ ಅಡ್ಡ ಇಟ್ಕೊಳೇ," ಅಂದಳು ಅಮ್ಮ.

ಅಪ್ಪನದು ವಿಶ್ರಾಂತಿ. ಅಣ್ಣನದು ರೆಸ್ಟು. ಅತ್ತಿಗೆಯದು ಬಿದ್ದುಕೊಂಡಿರೋದು. ಸ್ಕೂಲು ಬಿಟ್ಟವನು ನಾನು, ಎದ್ದು ಓಡಾಡಿದರೂ ಸೋಮಾರಿ.

ಜೂನ್ 5

ರಾತ್ರಿಯಿಡೀ ಅತ್ತಿಗೆಯ ಮಗು ಅತ್ತಿದೆ. ಮಹಡಿ ಕೋಣೆಯಲ್ಲಿ ಸ್ಕೂಲು ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದ ಅವರು ತೋಳನ್ನು ಉಲ್ಟಾ ಜೋಡಿಸಿದರು. ಬಿಚ್ಚಿದರು. ಮತ್ತೆ ಉಲ್ಟಾ.

"ಸ್ವಲ್ಪ ಮಲಗಿ ಅತ್ತಿಗೆ."

"ಮಿಷನ್ ಸದ್ದು ನಿಂತ್ರೆ ನಿಮ್ಮಮ್ಮ ಮೇಲೆ ಬರ್ತಾರೆ ಕಣೋ."

"ನಾನು ತುಳೀತೀನಿ."

ನಕ್ಕರು. "ಬುಗುರಿ ಕೊನೆಗೂ ಒಂದ್ಕಡೆ ಕೂರುತ್ತೆ ಅಂತಾಯ್ತು." ಒಂದು ಕಡೆ ಕೂರುವುದಿಲ್ಲವೆಂದು ಮೇಷ್ಟ್ರು ನನಗೆ ಇಟ್ಟ ಹೆಸರು ಅದು.

ದಾರ ತೆಗೆದು ಸುಮ್ಮನೆ ತುಳಿದೆ. ಬಟ್ಟೆ ರಾಶಿಯ ಮೇಲೆ ತಲೆಯಿಟ್ಟವರು ಹಾಗೇ ನಿದ್ದೆ ಹೋದರು. ಎದ್ದ ಮೇಲೆ ತೋಳು ಒಂದೇ ಸಲಕ್ಕೆ ಸರಿ ಕೂತಿತು. ಅಪ್ಪ ಓದಿದ್ದು ನಿಜ.

ಕಾಲಿನಿಂದ ಸುಳ್ಳು ಹೇಳಿದ ಹಾಗಾಯಿತೇ? ಬಾಯಿಂದ ಹೇಳಿಲ್ಲವಲ್ಲ.

ಜೂನ್ 11

ಅಮ್ಮ ಕೇಳಿದಳು. "ದಿನಾ ಇಷ್ಟು ಹೊತ್ತು ಓಡುತ್ತೆ, ಹೊಲಿದಿದ್ದು ಎಲ್ಲೋ? ಯಾರೋ ತುಳಿಯೋದು?"

"ನಾನು."

"ಅವಳು?"

"ಮಲಗಿರ್ತಾರೆ."

ಸಂಜೆಗೆ ಮಿಷನ್ ಅಡುಗೆಮನೆಗೆ ಇಳಿಯಿತು, ಅಮ್ಮನ ಕಣ್ಣೆದುರಿಗೆ. ಹೊತ್ತು ಇಳಿಸಿದ್ದೂ ನಾನೇ. "ಗೊತ್ತಿಲ್ಲ ಅಂದಿದ್ರೆ ನಾಲಿಗೆ ಬಿದ್ದು ಹೋಗ್ತಿತ್ತೇನೋ?" ಅಂದರು ಅತ್ತಿಗೆ. ಅಷ್ಟೇ.

ಜೂನ್ 24

ಅತ್ತಿಗೆ ತೂಕಡಿಸಿದರು. ಸೂಜಿ ಉಗುರು ತೂರಿ ಬೆರಳಿಗೆ ಇಳಿಯಿತು. ಅವರು ಕೂಗಲಿಲ್ಲ, ಬಟ್ಟೆ ಕಚ್ಚಿಕೊಂಡರು. ಕೂಗಿದವನು ನಾನು. ಅಮ್ಮ ಓಡಿ ಬಂದಳು. ಮೊದಲ ಮಾತು— "ಶ್! ಅಪ್ಪ ಮಲಗಿದ್ದಾರೆ."

ಜೂನ್ 25

"ಎಡಗೈ ತಾನೇ, ಗುಂಡಿ ಹಚ್ಚೋಕೇನು?" ಅಂದಳು ಅಮ್ಮ. ಬೆರಳಿಗೆ ಪಟ್ಟಿ ಕಟ್ಟಿಕೊಂಡು ಹಚ್ಚುತ್ತ ಕೂತರು ಅತ್ತಿಗೆ.

ಅಪ್ಪ ಮಲಗಿದ ಮೇಲೆ ಮಿಷನ್ ಎಳೆದು ಅಪ್ಪನ ಕೋಣೆಯ ಬಾಗಿಲಿಗೆ ತಂದಿಟ್ಟೆ. ತುಳಿದೆ. ಗೋಡೆ ಅದುರುವಂತೆ.

"ಯಾವನೋ ಅದು? ಮನುಷ್ಯರು ವಿಶ್ರಾಂತಿ ತಗೋಬಾರ್ದಾ?"

"ನಾನೂ ಅದನ್ನೇ ಕೇಳ್ತಿರೋದು, ಅಪ್ಪ."

ಕೆನ್ನೆಗೆ ಬಿತ್ತು. ಆಮೇಲೆ ಅಮ್ಮನಿಗೆ ಹೇಳಿದರು— "ಆ ದರಿದ್ರ ಮಿಷನ್ ಮೇಲಕ್ಕೇ ಹಾಕ್ಸು." ಬೆರಳಿನ ಮಾತು ಯಾರೂ ಎತ್ತಲಿಲ್ಲ.

ಜೂನ್ 26, ಮಧ್ಯಾಹ್ನ

ಮಹಡಿ. ತುಳಿಯುತ್ತಲೇ ಬರೆಯುತ್ತಿದ್ದೇನೆ, ಅಕ್ಷರಗಳು ಕುಣಿಯುತ್ತಿವೆ. ಅತ್ತಿಗೆ ಮಲಗಿದ್ದಾರೆ, ಪಟ್ಟಿ ಕಟ್ಟಿದ ಕೈ ಎದೆಯ ಮೇಲೆ. ಮೆಟ್ಟಿಲ ಬುಡದಲ್ಲಿ ಅಮ್ಮ.

"ಯಾರೋ ತುಳೀತಿರೋದು?"

ಈ ಸಲ ಬಾಯಿಂದಲೇ ಹೇಳಿದೆ— "ಅತ್ತಿಗೆ."